ಬೆರ್ಗಾಮೊದ ಮೆಟ್ಟಿಲ ಮೇಲಿನ ಕುರ್ಚಿ

ಫ್ಲೂಗರ್‌ವಿಲ್, ಹೊರಡುವ ಮುನ್ನ

ಟೆಕ್ಸಾಸಿನ ಆಸ್ಟಿನ್ ಪಕ್ಕದಲ್ಲಿ ನಾವಿರುವ ಫ್ಲೂಗರ್‌ವಿಲ್ ಜೋಳದ ರೊಟ್ಟಿಯಷ್ಟು ಸಪಾಟು. ಮನೆಯ ಗ್ಯಾರೇಜಿನಲ್ಲಿ ಕಾರು ಹತ್ತಿದರೆ ಅಂಗಡಿಯ ಬಾಗಿಲಲ್ಲಿ ಇಳಿಯುವುದು. ನಡುವೆ ಒಂದು ಮೆಟ್ಟಿಲೂ ಸಿಗುವುದಿಲ್ಲ. ಹಾಲು ತರಲು ಕಾರು, ದೇವಸ್ಥಾನಕ್ಕೆ ಕಾರು, ಪಕ್ಕದ ಬೀದಿಯ ಗೆಳೆಯನ ಮನೆಗೂ ಕಾರು. ಟೆಕ್ಸಾಸಿಗೆ ಬಂದ ಇಪ್ಪತ್ತೈದು ವರ್ಷದಲ್ಲಿ ನಾನು ಹತ್ತಿದ ದೊಡ್ಡ ಏರೆಂದರೆ ಹ್ಯೂಸ್ಟನ್ನಿನ ಒಂದು ಮಾಲಿನ ಎಸ್ಕಲೇಟರ್. ಅದೂ ತಾನೇ ಹತ್ತಿಸಿತು. ಬೆಟ್ಟದ ಮೇಲಿನ ಊರಿನ ಕಥೆ ಹೇಳಲು ಹೊರಟವನು ಸಪಾಟು ಊರಿನಿಂದ ಶುರು ಮಾಡುವುದಕ್ಕೆ ಕಾರಣವಿದೆ. ನಾವು ಏರು ಇರುವ ಊರಿನಲ್ಲಿ ಇದ್ದಿದ್ದರೆ ನನ್ನ ಭಾವಮೈದುನ ಮಲ್ಲೇಶಿಗೆ ಏನಾಗಿದೆ ಎಂಬುದು ಎರಡು ವರ್ಷ ಮೊದಲೇ ಗೊತ್ತಾಗುತ್ತಿತ್ತು.

ನಮ್ಮದು ಕಲ್ಲಿನ ವ್ಯಾಪಾರ. ನಾನು ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ ಹ್ಯೂಸ್ಟನ್ನಿಗೆ ಬಂದವನು. ಎಣ್ಣೆಯ ಕಂಪನಿಗಳು ಮುಗ್ಗರಿಸಿದಾಗ ಕೆಲಸ ಹೋಯಿತು. ಆಗ ಊರ ಕಡೆಯಿಂದ ಇಳಕಲ್ಲಿನ ಕೆಂಪು ಗ್ರಾನೈಟ್ ತರಿಸಿ ಮಾರತೊಡಗಿದೆ. ಮುಂದೆ ಆಸ್ಟಿನ್ ಸುತ್ತ ಹೊಸ ಮನೆಗಳು ನಾಯಿಕೊಡೆಗಳಂತೆ ಎದ್ದವು; ಜಾರ್ಜ್‌ಟೌನಿನಲ್ಲಿ ಒಂದು ಬೀದಿಗೆ ಹೆಸರಿಡುವಷ್ಟರಲ್ಲಿ ಪಕ್ಕದ ಬೀದಿ ಸಿದ್ಧವಾಗುತ್ತಿತ್ತು. ಪ್ರತಿ ಮನೆಯ ಅಡುಗೆಕಟ್ಟೆಗೂ ಗ್ರಾನೈಟೇ ಬೇಕು. ಮಾರುವ ಬಾಯಿ ನನ್ನದು, ಕೊಯ್ಯುವ ಕೈ ಮಲ್ಲೇಶಿಯದು. ಅವನು ನನ್ನ ಹೆಂಡತಿ ಶಾರದಾಳ ತಮ್ಮ. ಇಳಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಐದು ವರ್ಷ ದುಡಿದು, ಅಕ್ಕನ ಅರ್ಜಿಯ ಮೇಲೆ ಅಮೆರಿಕಕ್ಕೆ ಬಂದು ನನ್ನ ಅಂಗಡಿ ಸೇರಿ ಆಗಲೇ ಏಳು ವರ್ಷವಾಗಿತ್ತು. ಅವನ ಕೈಕೆಳಗೆ ನಾಲ್ವರು ಮೆಕ್ಸಿಕನ್ ಕೆಲಸಗಾರರಿದ್ದರು.

ಕಲ್ಲನ್ನು ನೀರು ಬಿಟ್ಟು ಕೊಯ್ಯಬೇಕು. ಅದು ಮಲ್ಲೇಶಿಗೂ ಗೊತ್ತು, ನನಗೂ ಗೊತ್ತು. ಆದರೆ ನೀರು ಬಿಟ್ಟರೆ ರಾಡಿ, ಹಾಕಿದ ಗೆರೆ ಕಾಣುವುದಿಲ್ಲ, ಒಣಗುವವರೆಗೆ ಕಾಯಬೇಕು. ಒಣಗಲ್ಲನ್ನೇ ಕೊಯ್ದರೆ ದಿನಕ್ಕೆ ಎರಡು ಅಡುಗೆಮನೆ ಆಗುವ ಕಡೆ ಮೂರು ಆಗುತ್ತವೆ. ಒಣ ಕೊಯ್ಯಿರಿ ಎಂದು ಹೇಳಿದವನು ನಾನು.

ಮಲ್ಲೇಶಿಗೆ ಕೆಮ್ಮು ಶುರುವಾದಾಗ ಅದಕ್ಕೆ ನಾವು ಸೀಡರ್ ಎಂದು ಹೆಸರಿಟ್ಟೆವು. ಚಳಿಗಾಲದಲ್ಲಿ ಸೀಡರ್ ಮರದ ಹೂಪುಡಿ ಹಾರಿ ಆಸ್ಟಿನ್ನಿನಲ್ಲಿ ಅರ್ಧ ಊರು ಕೆಮ್ಮುತ್ತದೆ, ಸೀನುತ್ತದೆ. ಅಂಥ ಊರಿನಲ್ಲಿ ಒಬ್ಬನ ಕೆಮ್ಮನ್ನು ಯಾರು ಪ್ರತ್ಯೇಕವಾಗಿ ಕೇಳಿಸಿಕೊಳ್ಳುತ್ತಾರೆ? ಬೇಸಿಗೆ ಬಂದರೂ ಕೆಮ್ಮು ಹೋಗದಿದ್ದಾಗ ಡಲ್ಲಾಸಿನಲ್ಲಿದ್ದ ಪರಿಚಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಟಿ.ಬಿ. ಪರೀಕ್ಷೆಗೆ ಚುಚ್ಚಿದ ತೋಳು ಊದಿತು. ಚಿಕ್ಕಂದಿನಲ್ಲಿ ಬಿ.ಸಿ.ಜಿ. ಹಾಕಿಸಿಕೊಂಡ ನಮ್ಮಲ್ಲಿ ಹಲವರ ತೋಳು ಹಾಗೆ ಊದುತ್ತದೆ. ಎಕ್ಸ್‌ರೇಯಲ್ಲಿ ಚುಕ್ಕೆಗಳಿದ್ದವು. ಊರಿನಿಂದ ತಂದ ಹಳೆಯ ಟಿ.ಬಿ. ಇರಬೇಕು ಎಂದು ಒಂಬತ್ತು ತಿಂಗಳ ಮಾತ್ರೆ ಬರೆದುಕೊಟ್ಟರು. ಮಲ್ಲೇಶಿ ಒಂದು ದಿನವೂ ತಪ್ಪಿಸದೆ ನುಂಗಿದ. ಮಾತ್ರೆ ಮುಗಿದವು, ಕೆಮ್ಮು ಉಳಿಯಿತು. ಅಷ್ಟರಲ್ಲಿ ಇಟಲಿಯ ಮಾತು ಬಂತು.

ಭಾನುವಾರ, ಕೆಳಗಿನ ಊರು

ಹೊಸ ಕೊಯ್ಯುವ ಯಂತ್ರ ನೋಡಲು ಬೆರ್ಗಾಮೊಗೆ ಹೋದೆವು. ಯೂರೋ ನಾಣ್ಯ ಬಂದು ಒಂದೆರಡು ವರ್ಷವಾಗಿತ್ತು; ಅಲ್ಲಿಯ ಮುದುಕರು ಇನ್ನೂ ಪ್ರತಿಯೊಂದನ್ನೂ ಹಳೆಯ ನಾಣ್ಯವಾದ ಲಿರಾದಲ್ಲೇ ಲೆಕ್ಕ ಹಾಕಿ ಹಣೆ ಚಚ್ಚಿಕೊಳ್ಳುತ್ತಿದ್ದರು. ಯಂತ್ರ ಮಾರುವವನ ಹೆಸರು ದಾರಿಯೋ; ನಮ್ಮನ್ನು ಕರೆದೊಯ್ಯಲು ಬಂದಿದ್ದ. ನಲವತ್ತರ ಆಸುಪಾಸಿನ, ಬಾಯಿ ನಿಲ್ಲದ ಮನುಷ್ಯ. ಹೋಟೆಲುಗಳೆಲ್ಲ ತುಂಬಿವೆ, ಮೇಲಿನ ಊರಿನಲ್ಲಿ ನನ್ನ ತಾಯಿಯ ಮನೆಯಲ್ಲಿ ಇರಿ ಎಂದ. ವ್ಯಾಪಾರಿ ನಮ್ಮನ್ನು ತಾಯಿಯ ಮನೆಗೆ ಕರೆದರೆ ಯಂತ್ರದ ಬೆಲೆ ಏರಿದೆ ಎಂದೇ ಅರ್ಥ ಎಂದು ಮಲ್ಲೇಶಿಯ ಕಿವಿಯಲ್ಲಿ ಹೇಳಿದೆ.

ಬೆರ್ಗಾಮೊ ಎಂದರೆ ಎರಡು ಊರು. ಕೆಳಗೆ ಬ್ಯಾಂಕು, ಬಸ್ಸು, ಅಗಲವಾದ ರಸ್ತೆಗಳು. ಮೇಲೆ, ಬೆಟ್ಟದ ತಲೆಯ ಮೇಲೆ, ಕೋಟೆಗೋಡೆಯೊಳಗೆ ಗೋಪುರಗಳ ಹಳೆಯ ಊರು. ಬಾದಾಮಿಯ ಗುಡ್ಡದ ಮೇಲೆ ಯಾರೋ ಇನ್ನೊಂದು ಊರು ಕಟ್ಟಿ ಒಕ್ಕಲು ಮಾಡಿದ್ದರೆ ಹೀಗಿರುತ್ತಿತ್ತೇನೋ. ಮೇಲಕ್ಕೆ ಹೋಗಲು ಹಗ್ಗದಿಂದ ಎಳೆಯುವ ಪುಟ್ಟ ರೈಲುಡಬ್ಬಿ ಇದೆ. ಭಾನುವಾರವಾದ್ದರಿಂದ ಅದರ ಮುಂದೆ ಮಕ್ಕಳು ಮರಿ ನಾಯಿ ಸಮೇತ ಜನ ಸಾಲು ನಿಂತಿದ್ದರು.

ದಾರಿಯೋನ ಕಾರು ಅಂಗೈಯಷ್ಟಿತ್ತು. ಹಿಂದಿನ ಸೀಟಿನಲ್ಲಿ ನಮ್ಮ ಪೆಟ್ಟಿಗೆಗಳು ತುಂಬಿದ ಮೇಲೆ ಮುಂದೆ ಒಬ್ಬರಿಗೆ ಜಾಗ ಉಳಿಯಿತು. ಯಾರಾದರೂ ಒಬ್ಬರು ನನ್ನ ಜೊತೆ ಬನ್ನಿ, ಇನ್ನೊಬ್ಬರು ರೈಲಿನಲ್ಲಿ ಬರಲಿ ಎಂದ. ಮಲ್ಲೇಶಿ ಆ ಸೀಟಿನ ಕಡೆ ನೋಡಿದ. ನೋಡಿದ್ದನ್ನು ನಾನು ಕಂಡೆ.

"ಏ, ನಡಿಯೋ. ವಿಮಾನದಾಗ ಕುಂತು ಕುಂತು ಕಾಲು ಜಡ್ಡು ಹಿಡದಾವ. ನಡಕೋತ ಹೋಗೂಣು," ಎಂದೆ.

"ಹೂಂ ಮಾವಾರ," ಎಂದ. ನನ್ನ ಮಾತಿಗೆ ಅವನು ಇಲ್ಲ ಎಂದದ್ದು ನನಗೆ ನೆನಪಿಲ್ಲ.

ಮೆಟ್ಟಿಲು

ಮೇಲಿನ ಊರಿಗೆ ತೋಟದ ಗೋಡೆಗಳ ನಡುವೆ ಕಲ್ಲುಮೆಟ್ಟಿಲಿನ ಓಣಿಗಳಿವೆ. ಗುಂಡುಕಲ್ಲು ಹಾಸಿ ಅಂಚಿಗೆ ಇಟ್ಟಿಗೆ ಕಟ್ಟಿದ ಅಗಲ ಮೆಟ್ಟಿಲುಗಳು. ಎಡಗಡೆ ಗೋಡೆಯ ಮೇಲಿಂದ ಅಂಜೂರದ ಕೊಂಬೆ ಇಳಿಬಿದ್ದಿತ್ತು. ಗೋಡೆಗೆ ಅಲ್ಲಲ್ಲಿ ಮುದುಕರ ಫೋಟೋ ಇರುವ ಕಾಗದ ಅಂಟಿಸಿದ್ದರು.

"ಇಲೆಕ್ಷನ್ ಬಂದಂಗ ಕಾಣ್ತೈತಿ. ನಿಂತವರೆಲ್ಲ ನಮ್ಮ ಕಡೆಯವರಗಿಂತ ಮುದುಕರು ಅದಾರ ನೋಡು," ಎಂದೆ. ಅವು ಸತ್ತವರ ಸುದ್ದಿಯ ಕಾಗದಗಳು ಎಂದು ದಾರಿಯೋ ಆಮೇಲೆ ಹೇಳಿದ. ಅಲ್ಲಿ ಊರಿನಲ್ಲಿ ಯಾರು ಸತ್ತರೂ ಹೆಸರು, ವಯಸ್ಸು, ಮಣ್ಣಿನ ವೇಳೆ ಅಚ್ಚು ಹಾಕಿಸಿ ಗೋಡೆಗೆ ಹಚ್ಚುತ್ತಾರೆ.

ಮೂವತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಮಲ್ಲೇಶಿ ಹಿಂದೆ ಬಿದ್ದ. ತಿರುಗಿ ನೋಡಿದರೆ ಬಗ್ಗಿ ಮೆಟ್ಟಿಲಿನ ಕಲ್ಲನ್ನು ಸವರುತ್ತಿದ್ದ.

"ಈ ಕಲ್ಲು ನೋಡ್ರಿ ಮಾವಾರ. ಉಳಿ ಹೊಡದದ್ದು ಇನ್ನೂ ಕಾಣ್ತೈತಿ. ಕೈಕೆಲಸ."

ನಾನು ಇಳಿದು ಹೋಗಿ ನೋಡಿದೆ. ನಿಜ, ಚೆಲುವಾದ ಕೆಲಸ. ಇಪ್ಪತ್ತು ಮೆಟ್ಟಿಲಾದ ಮೇಲೆ ಗೋಡೆಯ ಕಲ್ಲು ನೋಡಲು ನಿಂತ. ಮತ್ತೆ ಹತ್ತಾದ ಮೇಲೆ ಬಾಗಿಲವಾಡದ ಕಲ್ಲು. ತರಕಾರಿ ಚೀಲ ಹಿಡಿದ ಎಪ್ಪತ್ತರ ಅಜ್ಜಿಯೊಬ್ಬಳು ನಮ್ಮನ್ನು ದಾಟಿ ಹೋದಳು. ನನಗೆ ನಗು ಬಂತು.

"ಮುದುಕಿ ಮುಂದ ಹೋದಳಲ್ಲೋ! ನಲವತ್ತಕ್ಕ ಹಿಂಗಾದರ ಮುಂದ ಹೆಂಗೋ? ಕಲ್ಲು ನೋಡೋದು ಸಾಕು, ಏಳು."

"ಬಂದೆ," ಎಂದ. ಆ ಒಂದು ಪದಕ್ಕೆ ಎರಡು ಸಲ ಉಸಿರು ತೆಗೆದುಕೊಂಡ. ಕಲ್ಲು ನೋಡುವುದೆಲ್ಲ ಉಸಿರಿಗಾಗಿ ಹೂಡಿದ ನೆಪ ಎಂದು ಆಗಲಾದರೂ ನನಗೆ ಹೊಳೆಯಬೇಕಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನನಗೆ ಬೇಕಾಗಿತ್ತು. ಯಾಕೆಂದರೆ ಅದು ನನ್ನ ಅಂಗೈ ಆಗಿರಲಿಲ್ಲ.

ಮುಂದಿನ ತಿರುವಿನ ಕೆಳಗೆ ಕೆಮ್ಮು ಹಿಡಿಯಿತು. ಅಂಥ ಕೆಮ್ಮನ್ನು ನಾನು ಅಂಗಡಿಯಲ್ಲಿ ಕೇಳಿರಲಿಲ್ಲ. ಗೋಡೆಗೆ ಎರಡೂ ಕೈ ಕೊಟ್ಟು ಬಾಗಿದ್ದ. ತುಟಿಯ ಬಣ್ಣ ನೋಡಿ ನನಗೆ ಮೊದಲ ಸಲ ಭಯವಾಯಿತು. ನೀರಿನ ಬಾಟಲಿ ಕಾರಿನಲ್ಲಿ ಹೋದ ಪೆಟ್ಟಿಗೆಯಲ್ಲಿತ್ತು.

ಮೇಲೆ ಒಂದು ಕಿಟಕಿ ತೆರೆಯಿತು. ಬಿಳಿಗೂದಲಿನ ಹೆಂಗಸೊಬ್ಬಳು ಇಣುಕಿ, ನನ್ನನ್ನು ಒಂದು ಮಾತೂ ಕೇಳದೆ, ಚಪ್ಪಲಿಯಲ್ಲೇ ದಡದಡ ಇಳಿದು ಬಂದಳು. ಮಲ್ಲೇಶಿಯ ಮೊಣಕೈ ಹಿಡಿದು ನಾಲ್ಕು ಮೆಟ್ಟಿಲು ಹತ್ತಿಸಿದಳು. ತಿರುವಿನ ಮೂಲೆಯಲ್ಲಿ, ಮಳೆ ತಾಗದಂತೆ ಚಾಚಿದ ಮಾಡಿನ ಕೆಳಗೆ, ಒಂದು ಮರದ ಕುರ್ಚಿ ಇತ್ತು. ಓಣಿಯಲ್ಲಿ ಕುರ್ಚಿ ಯಾಕಿದೆ ಎಂದು ಯೋಚಿಸಲೂ ಆಗದ ಹೊತ್ತು ಅದು. ಅವನನ್ನು ಕೂರಿಸಿ, ಅವನ ಕೈಗಳನ್ನು ಅವನದೇ ಮೊಣಕಾಲಿನ ಮೇಲೆ ಇಟ್ಟು, ಬೆನ್ನನ್ನು ಮುಂದಕ್ಕೆ ಬಾಗಿಸಿದಳು. ತುಟಿ ಚೂಪು ಮಾಡಿ ದೀಪ ಆರಿಸುವಂತೆ ಮೆಲ್ಲಗೆ ಉಸಿರು ಬಿಟ್ಟು ತೋರಿಸಿದಳು. ಅವನೂ ಹಾಗೇ ಮಾಡಿದ. ಕೆಮ್ಮು ನಿಧಾನಕ್ಕೆ ತಗ್ಗಿತು.

ಆಗ ಅವಳು ಇಟಾಲಿಯನ್ನಿನಲ್ಲಿ ಏನೋ ಕೇಳಿದಳು. ಮೇಲಿಂದ ದಾರಿಯೋ ಓಡಿ ಬಂದ. ಆಕೆಯೇ ಅವನ ತಾಯಿ, ಪಿಯೆರಿನಾ.

"ಏನು ಕೇಳುತ್ತಿದ್ದಾರೆ?" ಎಂದೆ.

ದಾರಿಯೋ ನನ್ನ ಮುಖ ನೋಡಲಿಲ್ಲ. "ಎಷ್ಟು ವರ್ಷದಿಂದ ಕಲ್ಲು ಅಂತ ಕೇಳುತ್ತಿದ್ದಾಳೆ."

ಪಿಯೆರಿನಾ ಅವರ ಅಡುಗೆಮನೆ

ಮಲ್ಲೇಶಿ ಕಲ್ಲಿನ ಕೆಲಸದವನು ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಅಮೆರಿಕದಿಂದ ಇಬ್ಬರು ವ್ಯಾಪಾರಿಗಳು ಬರುತ್ತಾರೆ ಎಂದಷ್ಟೇ ಮಗ ತಿಳಿಸಿದ್ದ. ಆಕೆಯ ಗಂಡ, ಗಂಡನ ಅಣ್ಣ, ಎದುರು ಮನೆಯವರು, ಎಲ್ಲರೂ ಕಲ್ಲುಕುಟಿಗರು. ಸಂಜೆ ಕೆಲಸ ಮುಗಿಸಿ ಗಂಡಸರು ಮೆಟ್ಟಿಲು ಹತ್ತುವಾಗ ಯಾವ ಕೆಮ್ಮು ಯಾರದೆಂದು ಹೆಂಗಸರು ಕಿಟಕಿಯೊಳಗಿಂದಲೇ ಹೇಳುತ್ತಿದ್ದರಂತೆ. ಗಂಡನಿಗೆ ಒಂದೇ ಉಸಿರಿಗೆ ಮನೆ ಮುಟ್ಟಲು ಆಗದೆ ಹೋದ ವರ್ಷ ಆಕೆ ತಿರುವಿನಲ್ಲಿ ಕುರ್ಚಿ ಇಟ್ಟಳು. ಅವನು ಹೋಗಿ ಎಷ್ಟೋ ವರ್ಷವಾದರೂ ತೆಗೆದಿರಲಿಲ್ಲ.

ಮೇಜಿನ ಮೇಲೆ ಮರದ ಹಲಗೆಗೆ ಪೊಲೆಂತಾ ಸುರಿದಿದ್ದಳು. ಅದು ಮೆಕ್ಕೆಜೋಳದ ಹಳದಿ ಮುದ್ದೆ. ಮೈಸೂರಿನವರು ನೋಡಿದ್ದರೆ ಎರಡೂ ಕೈ ಜೋಡಿಸುತ್ತಿದ್ದರು. ಅದನ್ನು ಚಾಕುವಿನಿಂದಲ್ಲ, ದಾರದಿಂದ ಕೊಯ್ದಳು. ಮಾಂಸ ತಿನ್ನುವುದಿಲ್ಲ ಎಂದಾಗ ಬೇಸರಿಸದೆ ಬೆಣ್ಣೆ, ಚೀಸ್ ಮುಂದಿಟ್ಟಳು. ಮಲ್ಲೇಶಿ ಎರಡು ತುತ್ತು ತಿಂದು ಕೈ ಹಿಂದೆಗೆದ.

ತಾಯಿ ಮಗನಿಗೆ ಏನೋ ಹೇಳಿದಳು. ಮಗ ಬೇಡ ಎಂಬಂತೆ ತಲೆಯಾಡಿಸಿದ. ಆಕೆ ದನಿ ಏರಿಸಿದಳು. ಯಂತ್ರ ಮಾರಲು ಬಂದವನಿಗೆ ಇದು ಎಂಥ ಇಕ್ಕಟ್ಟು ಎಂದು ಅವನ ಮುಖದಲ್ಲೇ ಕಾಣುತ್ತಿತ್ತು.

"ತಪ್ಪು ತಿಳಿಯಬೇಡಿ," ಎಂದ. "ಇವನು ಕಲ್ಲು ಕೊಯ್ಯುವವನು ಅಂತ ನಿಮ್ಮ ಡಾಕ್ಟರಿಗೆ ಗೊತ್ತಿದೆಯಾ, ಕೇಳು ಅಂತಾಳೆ."

ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ಟೆಕ್ಸಾಸಿನ ನಮ್ಮ ಕನ್ನಡಿಗರಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರಿನ ಸಾಫ್ಟ್‌ವೇರಿನವರು. ಒಂದು ಯುಗಾದಿ ಊಟದಲ್ಲಿ ಒಬ್ಬರು ಮಲ್ಲೇಶಿಯನ್ನು, "ತಾವು ಯಾವ ಕಂಪನೀಲಿ ವರ್ಕ್ ಮಾಡ್ತಿರೋದು?" ಎಂದು ಕೇಳಿದರು. "ಕಲ್ಲು ಕೊಯ್ತೀನ್ರಿ," ಎಂದ ಇವನು, ಹೋಳಿಗೆ ಅಗಿಯುತ್ತಾ. ಅವರ ಮುಖದಲ್ಲಿ ಒಂದು ಗಳಿಗೆ ಏನೂ ಕಾಣಲಿಲ್ಲ. ಆ ಒಂದು ಗಳಿಗೆ ನನಗೆ ತಡೆಯಲಾಗಲಿಲ್ಲ. ಅಲ್ಲಿಂದ ಮನೆಗೆ ಬರುವಾಗ ಕಾರಿನಲ್ಲೇ ಪಾಠ ಮಾಡಿದೆ. ಯಾರು ಕೇಳಿದರೂ ನ್ಯಾಚುರಲ್ ಸ್ಟೋನ್ ಬಿಸಿನೆಸ್ ಎನ್ನಬೇಕು, ಪಾರ್ಟ್‌ನರ್ ಎನ್ನಬೇಕು. ಡಲ್ಲಾಸಿನ ಡಾಕ್ಟರೂ ಅದೇ ಬಳಗದವರು, ನಮ್ಮ ಜೊತೆ ಎಲೆ ಹಾಕಿಸಿಕೊಂಡು ಕೂರುವವರು. ಅವರಲ್ಲಿ ಫಾರ್ಮ್ ತುಂಬುವಾಗ ಉದ್ಯೋಗ ಎಂಬ ಕಡೆ ಮಲ್ಲೇಶಿ ಪೆನ್ನು ಹಿಡಿದು ನನ್ನ ಕಡೆ ನೋಡಿದ. "ಬಿಸಿನೆಸ್ ಅಂತ ಬರಿ," ಎಂದೆ. ಬರೆದ. ಬಿಸಿನೆಸ್ ಮಾಡುವವನ ಎದೆಯಲ್ಲಿ ಕಲ್ಲಿನ ದೂಳು ಹುಡುಕುವ ಕಾರಣ ಯಾವ ಡಾಕ್ಟರಿಗೂ ಇರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಇದೆ. ಇಲ್ಲಿ ಮಾಡಿದವನು ನಾನು, ಒಂಬತ್ತು ತಿಂಗಳು ಬೇಡದ ಮಾತ್ರೆ ಉಂಡವನು ಅವನು. ಆ ಒಂಬತ್ತು ತಿಂಗಳೂ ಅವನು ದಿನಾ ಒಣಗಲ್ಲು ಕೊಯ್ದ.

ಇದಿಷ್ಟನ್ನೂ ಆ ಮೇಜಿನ ಮುಂದೆ ನಾನು ಹೇಳಲಿಲ್ಲ. "ಇಲ್ಲ, ಗೊತ್ತಿಲ್ಲ," ಎಂದಷ್ಟೇ ಹೇಳಿದೆ. ಪಿಯೆರಿನಾ ತಲೆಯಾಡಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಕೋಣೆ ತೋರಿಸಿದಳು. ನನ್ನ ಹಾಸಿಗೆಗೆ ಒಂದು ದಿಂಬು, ಮಲ್ಲೇಶಿಯ ಹಾಸಿಗೆಗೆ ನಾಲ್ಕು, ಒಂದರ ಮೇಲೊಂದು. ಅವನು ಮಲಗಿದರೆ ದಮ್ಮು ಕಟ್ಟುತ್ತದೆ ಎಂದು ಆಕೆಗೆ ತಿಳಿದಿತ್ತು. ಮೂರು ತಿಂಗಳಿಂದ ಸೋಫಾದಲ್ಲಿ ಒರಗಿಕೊಂಡೇ ನಿದ್ದೆ ಮಾಡುತ್ತಿದ್ದೇನೆ ಎಂದು ಅವನು ನನಗೆ ಹೇಳಿದ್ದು ಅಲ್ಲಿ, ಆ ದಿಂಬುಗಳನ್ನು ನೋಡಿದ ಮೇಲೆ.

ಸೋಮವಾರ, ಕೋಟೆಗೋಡೆ

ಬೆಳಿಗ್ಗೆ ನೋಡಬೇಕಾಗಿದ್ದ ಯಂತ್ರವನ್ನು ನೋಡಲು ನಾನು ಹೋಗಲಿಲ್ಲ. ಮೇಲಿನ ಊರಿನೊಳಗೆ ಸಪಾಟಾಗಿರುವಷ್ಟು ದೂರ ಇಬ್ಬರೂ ನಿಧಾನವಾಗಿ ನಡೆದೆವು. ಚೌಕದಲ್ಲಿ ಕಲ್ಲಿನ ಸಿಂಹಗಳು ಕಾಯುವ ಕಾರಂಜಿ, ಅದರಾಚೆ ಗುಲಾಬಿ ಬಿಳಿ ಅಮೃತಶಿಲೆಯ ಮುಂಗೋಡೆ ಇರುವ ಪ್ರಾರ್ಥನಾಮಂದಿರ. ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬೇರೆ ದಿನವಾಗಿದ್ದರೆ ಆ ಕಲ್ಲು ಎಲ್ಲಿಯದು, ಹೇಗೆ ಕೂಡಿಸಿದ್ದಾರೆ ಎಂದು ನಾನೇ ಒಂದು ಗಂಟೆ ಭಾಷಣ ಮಾಡುತ್ತಿದ್ದೆ. ಅವತ್ತು ಆ ಗೋಡೆ ನೋಡಿದರೆ, ಇದನ್ನು ಕೊಯ್ದವರು ಎಷ್ಟು ವರ್ಷ ಬದುಕಿದರೋ ಎಂಬುದು ಬಿಟ್ಟು ಬೇರೇನೂ ತಲೆಗೆ ಹತ್ತಲಿಲ್ಲ.

ಬೇಕರಿಯ ಕಿಟಕಿಯಲ್ಲಿ ಹಳದಿ ಗುಮ್ಮಟದಂಥ ಕೇಕುಗಳು, ನೆತ್ತಿಯ ಮೇಲೆ ಚಾಕೊಲೇಟಿನ ಪುಟ್ಟ ಹಕ್ಕಿಗಳು. ಒಳಗೆ ನಿಜವಾದ ಹಕ್ಕಿ ಇಲ್ಲ ತಾನೇ ಎಂದು ಮಲ್ಲೇಶಿ ನನ್ನಿಂದ ಎರಡು ಸಲ ಕೇಳಿಸಿದ. ಇಲ್ಲ ಎಂದ ಮೇಲೆ ಆರು ವರ್ಷದ ಮಗಳಿಗೆಂದು ಒಂದು ಕಟ್ಟಿಸಿಕೊಂಡ. "ನಾ ಕನ್ನಡದಾಗ ಕೇಳಿದರ ಅಕಿ ಇಂಗ್ಲಿಷಿನ್ಯಾಗ ಉತ್ತರ ಕೊಡ್ತಾಳ್ರಿ. ಹಕ್ಕಿಗೆ ಮಾತ್ರ ಹಕ್ಕಿ ಅಂತಾಳ," ಎಂದು ನಕ್ಕ. ನಕ್ಕದ್ದಕ್ಕೆ ಕೆಮ್ಮು ಬಂತು.

ಮಧ್ಯಾಹ್ನ ಮೂರರ ಹೊತ್ತಿಗೆ ಕೋಟೆಗೋಡೆಯ ಮೇಲೆ ಮರದ ನೆರಳಿನ ಬೆಂಚು ಸಿಕ್ಕಿತು. ಕೆಳಗೆ ಬಯಲು, ಮಬ್ಬು, ದೂರದಲ್ಲಿ ಕಾರ್ಖಾನೆಗಳ ಕೊಳವೆ. ತಿಂಗಳ ಮೇಲೆ ಹ್ಯೂಸ್ಟನ್ನಿನ ಶ್ವಾಸಕೋಶದ ತಜ್ಞರು ಹೇಳಿದ್ದೂ ಪಿಯೆರಿನಾ ಕೆಮ್ಮು ಕೇಳಿಯೇ ಕಂಡುಕೊಂಡದ್ದನ್ನೇ. ಅವರು ಅದಕ್ಕೆ ಸಿಲಿಕೋಸಿಸ್ ಎಂದರು. ಒಳಹೋದ ದೂಳು ಹೊರಬರುವುದಿಲ್ಲ, ಎದೆ ಗಟ್ಟಿಯಾಗುತ್ತಲೇ ಹೋಗುತ್ತದೆ, ಇದಕ್ಕೆ ಔಷಧಿಯಿಲ್ಲ ಎಂದರು. ಇದನ್ನು ಬರೆಯುವಾಗ ಮಲ್ಲೇಶಿ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತಿದ್ದಾನೆ. ಶಾರದಾ ನನ್ನ ಜೊತೆ ಅಗತ್ಯವಿದ್ದಷ್ಟು ಮಾತನಾಡುತ್ತಾಳೆ. ಆದರೆ ಆ ಸೋಮವಾರ ನಮಗೆ ರೋಗದ ಹೆಸರು ಗೊತ್ತಿರಲಿಲ್ಲ, ವಿಷಯ ಗೊತ್ತಾಗಿತ್ತು.

"ಮಲ್ಲೇಶಿ, ನಂದು ತಪ್ಪಾತೋ," ಎಂದೆ.

ಅವನು ಕೇಕಿನ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡ. "ಇಳಕಲ್ಲಿನ್ಯಾಗ ನಾ ಇಂಥವರನ್ನ ನೋಡೀನ್ರಿ ಮಾವಾರ. ಅಮೆರಿಕಾದಾಗ ಇದು ಬರಂಗಿಲ್ಲ ಅಂತ ಮಾಡಿದ್ದೆ," ಎಂದ. ಮತ್ತೆ ಉಸಿರು ಕೂಡಿಸಿಕೊಂಡು, "ನಂದು ಬಿಡ್ರಿ. ಅಂಗಡ್ಯಾಗ ಇನ್ನೂ ನಾಕು ಮಂದಿ ಅದಾರ. ಅಲ್ಲಿ ಈಗ ಮುಂಜಾನಿ ಎಂಟು. ಕೆಲಸ ಶುರು ಮಾಡಿರ್ತಾರ," ಎಂದ.

ನನಗೆ ಅವರ ನೆನಪೇ ಆಗಿರಲಿಲ್ಲ. ಬೆಂಚಿನಿಂದ ಎದ್ದೆ.

ಟೆಲಿಫೋನ್ ಡಬ್ಬಿ

ಚೌಕದ ಬಳಿ ಕಾರ್ಡು ಹಾಕಿ ಮಾತಾಡುವ ಟೆಲಿಫೋನ್ ಇತ್ತು. ಮೂರು ಸಲ ತಪ್ಪು ನಂಬರ್ ಒತ್ತಿದೆ. ನಾಲ್ಕನೆಯ ಸಲಕ್ಕೆ ಹತ್ತಿತು. ನಮ್ಮ ಅಂಗಡಿಯ ಫೋನು ಕೊಯ್ಯುವ ಶೆಡ್ಡಿನ ಗೋಡೆಗೇ ಇದೆ. ಎತ್ತಿಕೊಂಡವನು ರಾಮಿರೋ, ನಾಲ್ವರಲ್ಲಿ ಹಿರಿಯ. ಅವನ ದನಿಗಿಂತ ಮೊದಲು ಗರಗಸದ ಕಿರುಚು ಕಿವಿಗೆ ಬಿತ್ತು.

"ರಾಮಿರೋ, ಗರಗಸ ನಿಲ್ಲಿಸು."

"ಜಾರ್ಜ್‌ಟೌನ್ ಕಿಚನ್ನಾ? ಆಗುತ್ತಿದೆ ಬಾಸ್! ನೀವು ಹೇಳಿದ ಹಾಗೆ ಶುಕ್ರವಾರಕ್ಕೆ ರೆಡಿ!"

"ಬೇಡ. ನಿಲ್ಲಿಸು. ಎಲ್ಲರಿಗೂ ಹೇಳು."

"ಏನು ಬಾಸ್? ಜೋರಾಗಿ ಹೇಳಿ!"

ಆ ಹಳೆಯ ಚೌಕದಲ್ಲಿ ಕಾಫಿ ಕುಡಿಯುತ್ತಾ ಕೂತವರೆಲ್ಲ ತಿರುಗಿ ನೋಡುವಂತೆ ನಾನು ಕಿರುಚಿದೆ. ರಾಮಿರೋ ಫೋನು ಪಕ್ಕಕ್ಕೆ ಹಿಡಿದು ಸ್ಪ್ಯಾನಿಷ್‌ನಲ್ಲಿ ಏನೋ ಕೂಗಿದ. ಗರಗಸ ನಿಂತಿತು. ಕಲ್ಲು ಉಜ್ಜುವ ಗ್ರೈಂಡರ್ ಕೂಡ ನಿಂತಿತು. ನಾನು ಶೆಡ್ಡಿಗೆ ಹೋದಾಗಲೆಲ್ಲ ಅವು ಓಡುತ್ತಲೇ ಇರುತ್ತಿದ್ದವು. ನಿಂತಿದ್ದರೆ ಯಾಕೆ ನಿಂತಿದೆ ಎಂದು ಬೈಯುತ್ತಿದ್ದೆ.

ಆ ಮೌನದಲ್ಲಿ ಯಾರೋ ಕೆಮ್ಮಿದರು. ಸ್ವಲ್ಪ ದೂರದಿಂದ ಇನ್ನೊಂದು ಕೆಮ್ಮು ಕೇಳಿಸಿತು. ಬಾಗಿಲ ಕಡೆಯಿಂದ ಮತ್ತೊಂದು.

"ನಿಲ್ಲಿಸಿದೆವು. ಹೇಳಿ ಬಾಸ್," ಎಂದು ರಾಮಿರೋ ಕೆಮ್ಮಿದ.

ಮಲ್ಲೇಶಿ ನನ್ನ ಭುಜಕ್ಕೆ ಒರಗಿ, ರಿಸೀವರಿಗೆ ಕಿವಿ ಹಚ್ಚಿ ನಿಂತಿದ್ದ. ಕೆಮ್ಮುಗಳನ್ನು ಕಣ್ಣು ಮುಚ್ಚಿ ಕೇಳಿಸಿಕೊಂಡ. ಆಮೇಲೆ ಯಾವುದು ಯಾರದೆಂದು ಒಂದೊಂದೇ ಹೆಸರು ಹೇಳಿದ. ನಾಲ್ವರ ಹೆಸರನ್ನೂ ಹೇಳಿದ.